ಎರಡು ಅಂಕದ ಪ್ರಶ್ನೆ

ಎರಡನೆಯ ಮಹಾಯುದ್ಧದಲ್ಲಿ ಮಡಿದವರು ಸುಮಾರು ಎಷ್ಟು?
ಎರಡು ಅಂಕ.
ನಾನು ನೌಕರಿಗೆ ಸೇರಿದಾಗ ಪುಸ್ತಕದಲ್ಲಿ ಐದು ಕೋಟಿ,
ಮುಂದೆ ಪಠ್ಯ ಬದಲಾಗಿ ಆರು.
ಒಂದು ಮುದ್ರಣಕ್ಕೂ ಇನ್ನೊಂದಕ್ಕೂ ನಡುವೆ
ಒಂದು ಕೋಟಿ ಜನ ಸತ್ತರು.
ಮಾಜಾಳಿಯ ಶಾಲೆಯಲ್ಲಿ ಆ ದಿನವೂ ಬಿಸಿಯೂಟ ಇತ್ತು.

ಮೂವತ್ತೊಂದು ಉತ್ತರಪತ್ರಿಕೆ.
ಒಬ್ಬ ಐದು ಸಾವಿರ ಎಂದಿದ್ದಾನೆ, ಪಾಪ, ಕರುಣಾಳು.
ಒಬ್ಬಳು ಸೊನ್ನೆಗೆ ಸೊನ್ನೆ ಪೋಣಿಸುತ್ತ
ಭೂಮಿಯ ಮೇಲೆ ಇರುವವರಿಗಿಂತ ಹೆಚ್ಚು ಜನರನ್ನು ಕೊಂದಿದ್ದಾಳೆ;
ಅರ್ಧ ಅಂಕ ಕಳೆದೆ.
ಸಾನಿಕಾ ತಾಂಡೇಲ ಬರೆದದ್ದು:
ಐದು ಕೋಟಿ ತೊಂಬತ್ತೊಂಬತ್ತು ಲಕ್ಷದ
ತೊಂಬತ್ತೊಂಬತ್ತು ಸಾವಿರದ ಒಂಬೈನೂರ
ತೊಂಬತ್ತೊಂಬತ್ತು.
‘ಸುಮಾರು’ ಎಂಬುದರ ಮೇಲೆ ಅಡ್ಡಗೆರೆ.
ಅಧಿಕಪ್ರಸಂಗಿ, ಅಂದುಕೊಂಡೆ.
ಕೆಂಪು ಪೆನ್ನು ಎತ್ತಿದವಳು ಯಾಕೋ ಮುಚ್ಚಳ ಹಾಕಿಟ್ಟೆ.

ಸಂಜೆ ಕಾರವಾರದ ಮೀನುಪೇಟೆಯಲ್ಲಿ ಅವಳ ಅಜ್ಜಿ ದ್ವಾರಕಿ
ಬಾಂಗಡೆ ಎಣಿಸುತ್ತಿದ್ದಳು, ಒಂದು ಅನ್ನದೆ:
ಲಾಭ, ಎರಡು, ಮೂರು...
ಕೇಳಿದೆ. ಕೈ ನಿಲ್ಲಿಸಲಿಲ್ಲ.

“ಪುರ್ಸೊ, ನಮ್ಮ ಮಾವನ ಅಣ್ಣ, ಅಕ್ಕೋರೇ.
ಮುಂಬಯಿಯಲ್ಲಿ ಹಡಗು ಹತ್ತಿದ, ಬಾಯ್ಲರಿಗೆ ಕಲ್ಲಿದ್ದಲು ಹಾಕಲಿಕ್ಕೆ.
ಹನ್ನೆರಡು, ಹದಿಮೂರು.
ಆಮೇಲೆ ಕಂಪನಿಯಿಂದ ಮನಿಯಾರ್ಡರು ಬಂತಂತೆ,
ಹಡಗು ಮುಳುಗಿದ ದಿನದವರೆಗಿನ ಪಗಾರ.
ಮುಳುಗಿದ ಮೇಲಿನದಕ್ಕೆ ಕೊಡುವುದಿಲ್ಲವಂತೆ.
ದೊಡ್ಡತ್ತೆ ಹೆಬ್ಬೆಟ್ಟು ಒತ್ತಲಿಲ್ಲ.
ಪೋಸ್ಟಿನವ ಮೂರು ಸಲ ಬಂದ, ಮೂರು ಸಲ ತಿರುಗಿ ಹೋದ.
ಹದಿನೆಂಟು.
ಕುಂಕುಮ ಇಟ್ಟುಕೊಂಡೇ ಹೋದಳು, ಎಪ್ಪತ್ತೊಂಬತ್ತರಲ್ಲಿ.
ರೇಶನ್ ಕಾರ್ಡಿನಲ್ಲಿ ಅವನ ಹೆಸರು ಬರೆಸಿ
ಅವನ ಪಾಲಿನ ಸಕ್ಕರೆ ಸಹ ತಂದಿದ್ದಾಳೆ.
ಸತ್ತ ಅಂತ ನಾವು ಹೇಳಲಿಲ್ಲ.
ಮತ್ತೆ ಅವರು ಹೇಗೆ ಬರೆದುಕೊಂಡರು?”

ನಾಡಿದ್ದು ಮಹಾಲಯ ಅಮಾವಾಸ್ಯೆ.
ತಿಳ್ಮಾತಿಯ ದಂಡೆಯಲ್ಲಿ ಮರಳು ಕಪ್ಪು,
ಎಳ್ಳು ಚೆಲ್ಲಿದ ಹಾಗೆ.
ಪಕ್ಕದಲ್ಲೇ ನೀರು, ಬೇಕಾದಷ್ಟು.
ಎಂಬತ್ತು ವರ್ಷದಿಂದ ಎರಡೂ ಅಲ್ಲೇ ಇವೆ.
ತಾಂಡೇಲರ ಮನೆಯವರು ಆ ಕಡೆ
ಬಲೆ ಹಿಡಿದು ಮಾತ್ರ ಹೋಗುತ್ತಾರೆ.

ಹಡಗಿನ ಪಟ್ಟಿಯಲ್ಲಿ ಕಪ್ತಾನನ ಹೆಸರಿದ್ದೀತು,
ಇಂಜಿನಿಯರನದೂ, ಊರು ವಯಸ್ಸು ಸಹಿತ.
ಕಡೆಯ ಸಾಲು: ಖಲಾಸಿಗಳು, ನಲವತ್ತೆರಡು.
ನಲವತ್ತೊಂದೋ ಏನೋ.

ಇಪ್ಪತ್ತೈದು ಎಣಿಸಿ ಚೀಲಕ್ಕೆ ಸುರಿದ ದ್ವಾರಕಿ
ಬುಟ್ಟಿಯಿಂದ ಇನ್ನೊಂದು ಎತ್ತಿ ಎಸೆದಳು.
ನಾನು ಪರ್ಸಿಗೆ ಕೈ ಹಾಕಿದೆ.
“ಅದು ಲೆಕ್ಕಕ್ಕಿಲ್ಲ, ಅಕ್ಕೋರೇ. ಕೊಸರು.”

ಮೇಜಿನ ಮೇಲೆ ಸಾನಿಕಾಳ ಹಾಳೆ ಹಾಗೇ ಇದೆ.
ನಲ್ಲಿಯ ಕೆಳಗೆ ಕೂತು ಮೀನು ತೊಳೆಯುತ್ತೇನೆ,
ಒಂದೊಂದನ್ನೇ ತಿರುವಿ, ಕಣ್ಣು ನೋಡಿ.
ಇಪ್ಪತ್ತಾರರಲ್ಲಿ
ಕೊಸರು ಯಾವುದೋ ಗೊತ್ತಾಗುತ್ತಿಲ್ಲ.