ಎಂಟು ತಿಂಗಳು ಕಡಿಮೆ

ಶಿರಿಯ ಹೊಳೆ ಕಡಲಿಗೆ ಸಿಗುವ ಮೊದಲು
ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದಲ್ಲ, ಅಲ್ಲಿ
ಅಂದುಂಞಿಯ ಕಯಾಕುಗಳು: ಹಳದಿ ಎರಡು, ಕೆಂಪು ಒಂದು,
ಬಿಸಿಲಿಗೆ ಬಣ್ಣ ಹೋಗಿ ಎಂತದೋ ಆದದ್ದು ಇನ್ನೊಂದು.
ಅರ್ಧ ಗಂಟೆಗೆ ಇನ್ನೂರು.
ತೆಂಗಿನ ಮರಕ್ಕೆ ಮೊಳೆ ಹೊಡೆದ ಹಲಗೆಯಲ್ಲಿ
ಮಲಯಾಳದ ನಾಲ್ಕು ಸಾಲು, ಕನ್ನಡದ ಒಂದೂವರೆ,
ಎರಡರಲ್ಲೂ ಅಂಕಿ ಮಾತ್ರ ಒಂದೇ:
ಹನ್ನೆರಡು ತುಂಬಿರಬೇಕು.

ಧೃತಿಗೆ ಹನ್ನೊಂದು ವರ್ಷ ನಾಲ್ಕು ತಿಂಗಳು.

ಬಸ್ಸಿಳಿದು ನಡೆಯುವಾಗಲೇ ಹೇಳಿಕೊಟ್ಟಿದ್ದೆ:
"ಕೇಳಿದರೆ ಹನ್ನೆರಡು ಅನ್ನು. ಕೇಳಲಿಕ್ಕಿಲ್ಲ."
ಎಂಟು ತಿಂಗಳು ಎಂತ ದೊಡ್ಡದು?
ಒಂದು ಬೇಸಿಗೆ, ಒಂದು ಮಳೆಗಾಲ,
ಓಣಂ ರಜೆ ಬರುವಾಗ ಮುಟ್ಟಿತು.

ನಾನು ಏಳರಲ್ಲಿ ದೋಣಿ ಹತ್ತಿದವಳು.
ಕಡವಿನವ ಕೇಳುತ್ತಿದ್ದದ್ದು ವಯಸ್ಸಲ್ಲ, ನಾಲ್ಕಾಣೆ.
ಜಾಕೆಟೆಂದರೆ ಚಳಿಗೆ ಹಾಕುವುದು ಎಂದು ತಿಳಿದಿದ್ದ ಕಾಲ.
ಎಂತ ಆಯಿತು ನನಗೆ? ಎಂತದೂ ಇಲ್ಲ.
(ಆದವರು ಯಾರೂ ಬಂದು ಹೇಳುವುದಿಲ್ಲ.
ಅದು ಹೊಳೆದದ್ದು ರಾತ್ರಿ, ಚಪಾತಿ ಲಟ್ಟಿಸುವಾಗ.)

ವಯಸ್ಸೆಂದರೆ ನಮ್ಮ ಮನೆಯಲ್ಲಿ ಎಳೆದಷ್ಟು ಬರುವ ಸಾಮಾನು.
ನನ್ನನ್ನು ಒಂದನೇ ಕ್ಲಾಸಿಗೆ ದಬ್ಬಲು ಅಪ್ಪ ಬರೆಸಿದ ಜೂನ್ ಒಂದು
ಇವತ್ತಿಗೂ ನನ್ನ ಸರ್ವಿಸ್ ಪುಸ್ತಕದಲ್ಲಿ ಕೂತಿದೆ.
ಅದರ ದೆಸೆಯಿಂದ ಐದು ತಿಂಗಳು ಮೊದಲೇ ನಿವೃತ್ತಿ.
ಪಂಚಾಯತಿಯಲ್ಲಿ ಊರ ಮಕ್ಕಳ ಜನನ ಪತ್ರಕ್ಕೆ ಸೀಲು ಒತ್ತುವವಳು,
ಒಂದಕ್ಷರ ತಪ್ಪಿದರೆ ಅಫಿದವಿತ್ ತನ್ನಿ ಎನ್ನುವವಳು,
ಇವಳಿಗೆ ಐದು ದಾಟಿ ವರ್ಷವಾದರೂ
ಬದಿಯಡ್ಕದ ಬಸ್ಸಿನಲ್ಲಿ "ನಾಲ್ಕು" ಎಂದು ಮಡಿಲಲ್ಲಿ ಕೂರಿಸಿ
"ಕಾಲು ಮಡಚು" ಎಂದು ಪಿಸುಗುಟ್ಟಿದವಳು.

ಅಂದುಂಞಿ ಉದ್ದನೆಯ ಪುಸ್ತಕ ತೆರೆದ.
ಹೆಸರು, ಊರು, ಮೊಬೈಲು.
ಪೆನ್ನು ಹಿಡಿಯಲಿಲ್ಲ, ಎರಡು ಸಲ ಕೊಡವಿದ.
"ಮೋಳಿಗೆ ವಯಸ್ಸೆಷ್ಟು?"
ಧೃತಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.
"ಯಾವುದಕ್ಕೆ, ಅಮ್ಮ?"

ಕುಚೋದ್ಯವಲ್ಲ. ನಿಜವಾಗಿಯೂ ಕೇಳಿದ್ದು.
ಬಸ್ಸಿಗೊಂದು, ದೋಣಿಗೊಂದು,
ಫೋನು ಕೇಳಿದರೆ "ನೀನಿನ್ನೂ ಸಣ್ಣವಳು" ಎನ್ನಲಿಕ್ಕೊಂದು,
ತಮ್ಮನಿಗೆ ಹೊಡೆದರೆ "ಇಷ್ಟು ದೊಡ್ಡವಳಾಗಿ" ಎನ್ನಲಿಕ್ಕೊಂದು.
ಆ ರಾಶಿಯಲ್ಲಿ ತನ್ನದು ಯಾವುದೆಂದು ಹುಡುಕುತ್ತಿದ್ದಳು, ಅಷ್ಟೆ.

ನಾನು ನಕ್ಕೆ. ಆಮೇಲೆ ನಾಚಿಕೆ ಬಿಟ್ಟು ವಾದಕ್ಕಿಳಿದೆ:
ಅಗೋ, ಉಪ್ಪಳದ ಕಾರಿನವರ ಹುಡುಗ ಹೊಳೆಯ ನಡುವೆ ಇದ್ದಾನೆ,
ಇವಳ ಭುಜಕ್ಕೂ ಬರುವುದಿಲ್ಲ ಅವನು.
"ಕುಳ್ಳ ಇರಬಹುದು ಅಕ್ಕ, ಅವನಿಗೆ ಇದು ಹಿಡಿಯುತ್ತದೆ.
ಬಾಯಲ್ಲಿ ಹೇಳಿದ್ದು ನನಗೆ ಗೊತ್ತಾಗುವುದಿಲ್ಲ. ಇದಕ್ಕೆ ಗೊತ್ತಾಗುತ್ತದೆ."

ಕಿತ್ತಳೆ ಜಾಕೆಟು ತೊಡಿಸಿದ, ಪಟ್ಟಿ ಬಿಗಿದ,
ಎರಡೂ ಹೆಗಲಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದ.
ಸಲೀಸಾಗಿ ಎದ್ದು ಬಂತು.
ಗಲ್ಲ ಹೋಯಿತು, ಬಾಯಿ ಹೋಯಿತು, ಮೂಗು.
ಒಳಗಿನಿಂದ ಮಗಳ ನಗು ಕೇಳುತ್ತಿತ್ತು, ಎರಡು ಕಣ್ಣು ಹೊರಗೆ.
"ನೀರಿನಲ್ಲೂ ಹೀಗೇ," ಎಂದ. ಹೆಚ್ಚು ಹೇಳಲಿಲ್ಲ.

ಆಗ ಕಂಡದ್ದು: ಹಲಗೆಯ ಹನ್ನೆರಡರ ಅಡಿಯಲ್ಲಿ
ಬಿಳಿ ಪೈಂಟಿನೊಳಗೆ ಮಸುಕು ಮಸುಕಾಗಿ ಒಂದು ಹತ್ತು.
ಯಾವಾಗ ಬದಲಾಯಿಸಿದ್ದು, ಯಾಕೆ?
ನಾಲಿಗೆ ತನಕ ಬಂದದ್ದನ್ನು ನುಂಗಿಕೊಂಡೆ.
ಅವನು ಪುಸ್ತಕದಲ್ಲಿ ನಮ್ಮ ಸಾಲನ್ನು ಹೊಡೆದು ಹಾಕುತ್ತಿದ್ದ,
ಸ್ಕೇಲು ಇಟ್ಟು, ನಿಧಾನವಾಗಿ.

ದಡದಲ್ಲಿ ಕೂತು ತಂದ ಅವಲಕ್ಕಿ ತಿಂದೆವು.
ನನ್ನೊಡನೆ ಮಾತಿಲ್ಲ. ಬೆರಳು ಮಡಚಿ ತಿಂಗಳು ಎಣಿಸಿದಳು,
ಏಳಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಎಣಿಸಿದಳು.

ಸಂಜೆ ಬಸ್ಸಿನಲ್ಲಿ ಕಂಡಕ್ಟರು ಇವಳತ್ತ ಗಲ್ಲ ಎತ್ತಿದ.
"ಹನ್ನೊಂದು ವರ್ಷ ನಾಲ್ಕು ತಿಂಗಳು,"
ನಾನು ಬಾಯಿ ತೆರೆಯುವ ಮೊದಲೇ,
ಹಿಂದಿನ ಸೀಟಿನ ತನಕ ಕೇಳುವ ಹಾಗೆ.
ಅವನಿಗೆ ಬೇಕಿದ್ದದ್ದು ಅರ್ಧವೋ ಪೂರ್ತಿಯೋ, ಅಷ್ಟೇ.