ಹದಿನೈದು ಮೈಲಿ

ಮುಳ್ಳು ನೂರಾ ಎಂಬತ್ತಾರು ಮುಟ್ಟಿದ್ದನ್ನು ಕಣ್ಣಾರೆ ಕಂಡೆ.
ಕಂಪನಿ ಕಾಗದವೂ ಅಷ್ಟೇ ಅಂದಿತ್ತು.
ಶೋರೂಮಿಂದ ಇಳಿದ ಬೈಕು, ಒಂದು ಬೋಲ್ಟೂ ಬದಲಿಸಿಲ್ಲ.
ಎಲ್ವಿಂಗ್ಟನ್ ರನ್‌ವೇ ಅಂಚಿನ ಹುಲ್ಲಲ್ಲಿ ಕುರ್ಚಿ ಹಾಕಿ ಕೂತ
ಹೇಜಲ್ ಥ್ವೇಟ್ಸ್, ಫ್ಲಾಸ್ಕಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ
ಚೀಟಿ ಹರಿದು ಕೊಟ್ಟಳು:
ನೂರಾ ಎಪ್ಪತ್ತೊಂದು.

ಹದಿನೈದು ಮೈಲಿ ಎಲ್ಲಿ ಸೋರಿತು?
ಯಾರ್ಕ್‌ಶೈರಿನ ಎದುರುಗಾಳಿ ನುಂಗಿತೆ,
ನನ್ನ ಅಗಲ ಭುಜವೆ, ಬೆಳಗಿನ ಎರಡು ಸಾಸೇಜೆ?
ಗದ್ದ ಟ್ಯಾಂಕಿಗೆ ಅಂಟಿಸಿ, ಮೊಣಕೈ ಒಳಗೆಳೆದು
ಮತ್ತೆರಡು ಸಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆ.
ನೂರಾ ಎಪ್ಪತ್ತು.
ನೂರಾ ಎಪ್ಪತ್ತೊಂದು ಚಿಲ್ಲರೆ.

“ಮುಳ್ಳಿಗೆ ಮುಖಸ್ತುತಿ ಚಾಳಿ,” ಅಂದಳು ಹೇಜಲ್,
“ಈ ಗೇಟಿನ ಬೆಳಕಿಗೆ ನಿನ್ನ ಪರಿಚಯವಿಲ್ಲ.”

ಮನೆದಾರಿಯಲ್ಲಿ ಒಣಹುಲ್ಲು ಹೊತ್ತ ಟ್ರ್ಯಾಕ್ಟರಿನ ಹಿಂದೆ
ಮುಳ್ಳು ಇಪ್ಪತ್ತಕ್ಕೆ ನಿಂತಿತು.
ಅದೂ ಹದಿನೆಂಟೇ ಇರಬೇಕು.