ಎಡಕ್ಕೆ ಬಿಗಿ

ಸಾಗರದ ಅಂಗಡಿಯ ಗಾಜಿನ ಮೇಲೆ ಸಾಲಾಗಿ ತಲೆಗಳು:
ಮೂರು ಹಲ್ಲಿನದು, ಎಂಬತ್ತು ಹಲ್ಲಿನದು,
ನೈಲಾನ್ ದಾರ ಸುತ್ತಿಟ್ಟ ಕರೀ ಡಬ್ಬಿ.
“ಯಜಮಾನರು ಯಾವುದು ತರೋಕೆ ಹೇಳಿದಾರೆ?”
ಮಿಷನ್ನೂ ನಂದೇ, ಬೆನ್ನೂ ನಂದೇ ಅಂದೆ.

ಹೋದ ವಾರ ಶಾಲೆಯ ಬೇಲಿ ಬುಡದಲ್ಲಿ
ಹಳೇ ತಲೆ ಕಲ್ಲಿಗೆ ಬಡಿದು ಬಾಯಿ ಬಿಟ್ಟಿತು.
ಹಾರಿದ ಸ್ಪ್ರಿಂಗನ್ನು
ಮಕ್ಕಳು ಇವತ್ತಿಗೂ ಹುಡುಕುತ್ತಿದ್ದಾರೆ.

ಬ್ಲೇಡಾದರೆ ಲಂಟಾನ ಒಂದೇ ಏಟಿಗೆ. ನಿಜ.
ಆದರೆ ಗುರುವಾರ ಸ್ಮಶಾನದ ಕೆಲಸ.
ಅಲ್ಲಿ ಹುಲ್ಲೊಳಗೆ ಮೊಣಕಾಲೆತ್ತರದ ಕಲ್ಲುಗಳು,
ಕೆಲವಕ್ಕೆ ಹೆಸರೇ ಇಲ್ಲ,
ಒಂದರ ಮೇಲೆ ಬರೀ ‘ಮಗು’.
ಹಲ್ಲು ತಾಗಿದರೆ ಆ ಎರಡಕ್ಷರವೂ ಹೋದಾವು.
ದಾರ ತಾಗುತ್ತದೆ, ಬಾಗುತ್ತದೆ,
ಕಲ್ಲಿನ ಬದಲು ತಾನೇ ಸವೆಯುತ್ತದೆ.
ಖರ್ಚು ಜಾಸ್ತಿ. ಇರಲಿ.

“ಎರಡು ಪಾಯಿಂಟ್ ನಾಲ್ಕು. ಚೌಕದ್ದು ಬೇಡ, ಗುಂಡಗಿನದು.”

ಹುಡುಗ ಬಾಗಿಲಿಗೆ ಒರಗಿಸಿದ್ದ ಮಿಷನ್ ಮಲಗಿಸಿ
ನಟ್ಟನ್ನು ಬಲಕ್ಕೆ ತಿರುವಿದ, ಮತ್ತೂ ತಿರುವಿದ,
ಕೂರಲಿಲ್ಲ. ಮರೆ ಹೋಗಿದೆ ಅಕ್ಕಾ ಎಂದ.
ಕಸಿದುಕೊಂಡೆ.

ಫಿಲೋಮಿನಾ ಟೀಚರು ಸ್ಕೇಲಿನಲ್ಲಿ ಹೊಡೆದ ಕೈ ಇದು,
ಎಡಚಿ ಎಂದು
ಮದುವೆ ಪಂಕ್ತಿಯಲ್ಲಿ ಉಪ್ಪು ಬಡಿಸಲೂ ಬಿಡದ ಕೈ.
ಎಡಕ್ಕೆ ಮೂರು ಸುತ್ತು.
ಕಚ್ಚಿತು.

“ಓ, ಇದು ಉಲ್ಟಾನಾ?”
ಇದಕ್ಕೆ ಇದೇ ಸೀದಾ, ಮಾರಾಯ.

ಬಸ್ಸು ಹಾರನ್ ಹೊಡೆಯುತ್ತಿತ್ತು.
ಎಂಟು ರೂಪಾಯಿಗೆ ಚಿಲ್ಲರೆ ಇಲ್ಲವೆಂದು
ಎರಡು ವಾಷರು ಕೊಟ್ಟ.
ತಗೊಂಡೆ. ಬೇಕಾಗುತ್ತವೆ.